ಅರದ ಅಲಗು, ವಿಮಾನದ ಹಿಡಿ

ಎರಡನೇ ಮಹಾಯುದ್ಧದ ಸೈನಿಕರು ಗುಜರಿಯಿಂದ ಕೈಯಾರೆ ಮಾಡಿಕೊಂಡ ಚೂರಿಗಳ ಕಥೆ ಇದು. ದೂರದ ದ್ವೀಪಗಳಲ್ಲಿ ನಡೆದದ್ದಾದರೂ ದಿನಾ ಕತ್ತಿ ಹಿಡಿಯುವ ನಮಗೆ ಅದರಲ್ಲಿ ಕಲಿಯಲಿಕ್ಕೆ ಬೇಕಾದಷ್ಟು ಉಂಟು.

ಅಲಗು ಸವೆದುಹೋದ ಅರದ್ದು. ಹಿಡಿಯ ಒಂದಷ್ಟು ಭಾಗ ಬಿದ್ದ ವಿಮಾನದ ಅಲ್ಯೂಮಿನಿಯಂ, ಉಳಿದದ್ದು ವಿಮಾನದ ಕಿಟಿಕಿಗೆ ಹಾಕುವ ಗಾಜಿನಂಥ ಪ್ಲಾಸ್ಟಿಕ್. ಕೈ ಅಲಗಿನ ಮೇಲೆ ಜಾರದಂತೆ ಅಡ್ಡ ಕೊಟ್ಟ ಹಿತ್ತಾಳೆ ಪಟ್ಟಿ ಫಿರಂಗಿಯಿಂದ ಹೊರಬಿದ್ದ ಖಾಲಿ ತೋಟೆಯದ್ದು. ನಾಲ್ಕೂ ಎಸೆಯುವ ವಸ್ತುಗಳೇ. ಅವನ್ನು ಸೇರಿಸಿ ಒಬ್ಬ ಸೈನಿಕ ಬಿಡುವಿನ ವೇಳೆಯಲ್ಲಿ ಒಂದು ಚೂರಿ ಮಾಡಿಕೊಂಡ. ಯುದ್ಧ ಮುಗಿದ ಮೇಲೆ ಅದನ್ನು ಊರಿಗೆ ತಂದ. ಮತ್ತೆ ನಲುವತ್ತು ವರ್ಷ ಅದರಲ್ಲೇ ಹಗ್ಗ ಕೊಯ್ದ, ಮೀನು ಸೀಳಿದ, ಹಣ್ಣು ಹೆಚ್ಚಿದ.

ಇಂಥ ಚೂರಿ ಒಂದೆರಡಲ್ಲ. ಅಮೆರಿಕ, ಆಸ್ಟ್ರೇಲಿಯಾಗಳ ಹಳೆಯ ಮನೆಗಳ ಪೆಟ್ಟಿಗೆಯಲ್ಲಿ ಈಗಲೂ ಸಿಗುತ್ತವೆ. ಇವಕ್ಕೆ ಅಲ್ಲಿ ‘ಥಿಯೇಟರ್ ನೈಫ್’ ಎನ್ನುತ್ತಾರೆ. ಸಿನಿಮಾ ಟಾಕೀಸಿಗೂ ಇದಕ್ಕೂ ಸಂಬಂಧ ಇಲ್ಲ. ಯುದ್ಧ ನಡೆಯುವ ವಲಯಕ್ಕೆ ಸೈನ್ಯದವರು ಥಿಯೇಟರ್ ಎಂದು ಹೇಳುವುದು ರೂಢಿ. ಅಲ್ಲೇ, ಆ ವಲಯದಲ್ಲೇ ಮಾಡಿದ ಚೂರಿ ಎಂದು ಅರ್ಥ.

ಇದರ ಬಗ್ಗೆ ನಾನು ಓದತೊಡಗಿದ್ದಕ್ಕೆ ನನ್ನದೇ ಒಂದು ದಡ್ಡತನ ಕಾರಣ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಸುಟ್ಟ ಕತ್ತಿ

ನಮ್ಮ ತಂದೆಯ ಕಾಲದ ಒಂದು ಕತ್ತಿ ಇತ್ತು. ಜೀಪಿನ ಪ್ಲೇಟಿನಿಂದ ಮಾಡಿಸಿದ್ದು. ಸೊಪ್ಪು ಕಡಿಯಲಿಕ್ಕೆ, ಬೇಲಿ ಗೂಟ ಚೂಪು ಮಾಡಲಿಕ್ಕೆ, ತೆಂಗಿನಕಾಯಿ ಕೆತ್ತಲಿಕ್ಕೆ, ಎಲ್ಲದಕ್ಕೂ ಅದೇ. ಒಂದು ಮಳೆಗಾಲದಲ್ಲಿ ಬಾಯಿ ಮುಕ್ಕಾಯಿತು. ಕಲ್ಲಿನಲ್ಲಿ ಮಸೆದು ಸರಿಮಾಡಲಿಕ್ಕೆ ನನಗೆ ತಾಳ್ಮೆ ಇರಲಿಲ್ಲ. ವೆಲ್ಡಿಂಗಿಗೆ ಬಂದವರ ಗ್ರೈಂಡರ್ ಅಂಗಳದಲ್ಲೇ ಇತ್ತು. ಐದು ನಿಮಿಷದಲ್ಲಿ ಮುಕ್ಕು ಹೋಯಿತು, ಕತ್ತಿ ಹೊಳೆಯಿತು. ಬಾಯಿಯ ಉದ್ದಕ್ಕೂ ನವಿಲುಗರಿಯಂಥ ನೀಲಿ ಬಣ್ಣ ಬಂದದ್ದು ಕಂಡೆ. ಚೆಂದ ಉಂಟು ಎಂದುಕೊಂಡೆ!

ಮರುದಿನದಿಂದ ಕತ್ತಿ ಕತ್ತಿಯೇ ಅಲ್ಲ. ನಾಲ್ಕು ಗೆಲ್ಲು ಕಡಿಯುವಷ್ಟರಲ್ಲಿ ಬಾಯಿ ಮಡಚುತ್ತಿತ್ತು. ಎಷ್ಟು ಮಸೆದರೂ ನಿಲ್ಲಲಿಲ್ಲ. ‘ಹಳೆಯದಾಯಿತು, ಕಬ್ಬಿಣ ಸತ್ತಿದೆ’ ಎಂದು ಗುಜರಿಯವನ ಗೋಣಿಗೆ ಹಾಕಿಬಿಟ್ಟೆ.

ಮುಂದಿನ ಸಲ ಆಚಾರಿಯವರ ಕೊಟ್ಟಿಗೆಗೆ ಹೋದಾಗ ಮಾತಿನ ಮಧ್ಯೆ ವಿಷಯ ಬಂತು. ಅವರು ತಿದಿ ನಿಲ್ಲಿಸಿ ನನ್ನ ಮುಖ ನೋಡಿದರು.

“ಕಬ್ಬಿಣ ಸಾಯಲಿಲ್ಲ ಅಣ್ಣೇರೆ. ನೀವು ಅದರ ಹದ ಸುಟ್ಟದ್ದು. ತಂದುಕೊಟ್ಟಿದ್ದರೆ ಪುನಃ ಕಾಯಿಸಿ ಹದ ಹಾಕಿ ಕೊಡುತ್ತಿದ್ದೆ. ಅರ್ಧ ಗಂಟೆಯ ಕೆಲಸ.”

ಆ ದಿನ ಆದ ಬೇಸರ ಹೇಳಿ ಸುಖವಿಲ್ಲ. ಸೈನಿಕರ ಚೂರಿಗಳ ವಿಷಯ ಓದುವಾಗ ನನಗೆ ಹೊಡೆದದ್ದು ಇದೇ. ನಾನು ಅಂಗಳದಲ್ಲಿ ನಿಂತು ಮಾಡದ ಜಾಗ್ರತೆಯನ್ನು ಅವರು ಯುದ್ಧದ ನಡುವೆ, ಡೇರೆಯ ಬದಿಯಲ್ಲಿ ಕೂತು ಮಾಡಿದ್ದರು.

ಯಾಕೆ ಮಾಡಿಕೊಂಡರು?

ಅಮೆರಿಕ ಯುದ್ಧಕ್ಕೆ ಇಳಿದದ್ದು 1941ರ ಡಿಸೆಂಬರಿನಲ್ಲಿ. ಯುದ್ಧ ಮುಗಿಯುವುದರೊಳಗೆ ಆ ದೇಶದ ಸುಮಾರು 1.6 ಕೋಟಿ ಮಂದಿ ಸಮವಸ್ತ್ರ ಹಾಕಿದರು. ಅಷ್ಟು ಜನಕ್ಕೆ ಬಂದೂಕು, ಬೂಟು, ಹಡಗು ಒದಗಿಸುವುದೇ ದೊಡ್ಡ ಕೆಲಸ. ಚೂರಿಯ ಸರದಿ ತಡವಾಗಿ ಬಂತು. ಅಲ್ಲಿನ ಮರೀನ್ ದಳ ಏಳು ಇಂಚು ಅಲಗಿನ ಚೂರಿಯೊಂದನ್ನು ಒಪ್ಪಿದ್ದು 1942ರ ಕೊನೆಗೆ. ಈಗಲೂ ‘ಕಾಬಾರ್’ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು ಅದೇ. ಭೂಸೇನೆಯ ಎಂ-3 ಚೂರಿ ಬಂದದ್ದು 1943ರಲ್ಲಿ. ಬಂದ ಮೇಲೂ ಎಲ್ಲರಿಗೂ ಸಿಗಲಿಲ್ಲ.

ಆದರೆ ಚೂರಿ ಇಲ್ಲದೆ ಒಂದು ದಿನ ಕಳೆಯುವುದು ಕಷ್ಟ. ಪೆಸಿಫಿಕ್ ಸಾಗರದ ದ್ವೀಪಗಳೆಂದರೆ, ಗ್ವಾಡಲ್‌ಕೆನಾಲ್, ಬೂಗನ್‌ವಿಲ್, ನ್ಯೂಗಿನಿ, ನಮ್ಮ ಕರಾವಳಿಯ ಹಾಗೆಯೇ. ತೆಂಗು, ಬಳ್ಳಿ, ಜೌಗು, ಬಿಡದ ಮಳೆ. ಊಟದ ಡಬ್ಬಿ ತೆರೆಯಬೇಕು, ಪೆಟ್ಟಿಗೆಯ ಪಟ್ಟಿ ಕೀಳಬೇಕು, ಹಗ್ಗ ಕೊಯ್ಯಬೇಕು, ಪೊದೆ ಸವರಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಹೊಡೆದಾಟಕ್ಕೆ ಬಳಸಿದ್ದಕ್ಕಿಂತ ಇಂಥ ಕೆಲಸಕ್ಕೆ ಬಳಸಿದ್ದೇ ಹೆಚ್ಚು.

ಇನ್ನೊಂದು ತೊಂದರೆ ನಮಗೆಲ್ಲ ಪರಿಚಯದ್ದೇ. ಸೇನೆ ಕೊಟ್ಟ ಈ ಚೂರಿಗಳ ಹಿಡಿ ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಮಾಡಿದ್ದು. ಒಣ ಹವೆಯಲ್ಲಿ ಒಳ್ಳೆಯ ಹಿಡಿ. ಆ ಮಳೆಕಾಡಿನಲ್ಲಿ ಅದಕ್ಕೆ ಬೂಸಲು ಹಿಡಿಯುತ್ತಿತ್ತು, ಕೊಳೆಯುತ್ತಿತ್ತು. ಆಟಿಯಲ್ಲಿ ನಮ್ಮ ಚಪ್ಪಲಿಗೆ ಏನಾಗುತ್ತದೆ ಎಂದು ನೆನೆದರೆ ಸಾಕು. ಕೊಳೆಯದ ಹಿಡಿ ಬೇಕಿತ್ತು. ಅದು ವಿಮಾನದ ಗುಜರಿಯಲ್ಲಿ ರಾಶಿ ಬಿದ್ದಿತ್ತು.

ಮಾಡುವ ಕೈಗಳಿಗೂ ಕೊರತೆ ಇರಲಿಲ್ಲ. 1942ರಲ್ಲಿ ಅಮೆರಿಕದ ನೌಕಾಪಡೆ ಒಂದು ನಿರ್ಮಾಣ ದಳ ಕಟ್ಟಿತು. ಜನ ಅವರನ್ನು ‘ಸೀಬೀ’ ಎಂದು ಕರೆದರು. ಬಡಗಿ, ಮೆಕ್ಯಾನಿಕ್, ವೆಲ್ಡರ್, ರಸ್ತೆ ಕೆಲಸದವರು, ಹೀಗೆ ಕಸುಬು ಗೊತ್ತಿದ್ದವರನ್ನೇ ಹುಡುಕಿ ಸೇರಿಸಿದ್ದರಿಂದ ಮೊದಮೊದಲು ಅವರ ಸರಾಸರಿ ವಯಸ್ಸು 37. ವಿಮಾನ ಇಳಿಯುವ ಓಣಿ, ಸೇತುವೆ, ಬಂದರು ಕಟ್ಟುವುದು ಅವರ ಕೆಲಸ. ಹಾಗಾಗಿ ದ್ವೀಪದಲ್ಲೇ ಲೇತು, ವೆಲ್ಡಿಂಗ್ ಯಂತ್ರ, ಸಾಣೆಚಕ್ರ ಎಲ್ಲ ಇದ್ದವು. ಬಿಡುವಾದಾಗ ಚೂರಿ ಮಾಡಿದರು, ಬೇರೆ ದಳದವರಿಗೆ ಮಾರಿದರು, ಸಿಗರೇಟು ಇತ್ಯಾದಿಗೆ ಬದಲು ಕೊಟ್ಟರು. ವಿಮಾನ ರಿಪೇರಿಯವರೂ ಹಡಗಿನ ವರ್ಕ್‌ಶಾಪಿನವರೂ ಹೀಗೆಯೇ.

ಅಂದಹಾಗೆ ಇಂಥ ವಿಮಾನಗಳ ಕೆಲಸ ನಮ್ಮ ಬೆಂಗಳೂರಿನಲ್ಲೂ ನಡೆದಿತ್ತು. 1940ರ ಡಿಸೆಂಬರಿನಲ್ಲಿ ಆರಂಭವಾದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಿಂದ ಯುದ್ಧ ಮುಗಿಯುವವರೆಗೆ ಅಮೆರಿಕದ ವಾಯುಸೇನೆ ರಿಪೇರಿ ಕೇಂದ್ರವಾಗಿ ನಡೆಸಿತು.

ಯಾವ ಗುಜರಿಯಿಂದ ಏನು?

ಗುಜರಿ ಎಂದರೆ ಸಿಕ್ಕಿದ್ದೆಲ್ಲ ಅಲ್ಲ. ಯಾವುದು ಎಲ್ಲಿಗೆ ಆಗುತ್ತದೆ ಎಂದು ಅವರಿಗೆ ಗೊತ್ತಿತ್ತು.

ಅಲಗಿಗೆ ಅವರು ಹೆಚ್ಚಾಗಿ ಆರಿಸಿದ್ದು ಸವೆದ ಅರ. ಅರದಲ್ಲಿ ಇಂಗಾಲದ ಅಂಶ ಶೇ. 1ಕ್ಕಿಂತ ಹೆಚ್ಚು. ಉಕ್ಕು ಗಟ್ಟಿಯಾಗುವುದೇ ಇಂಗಾಲದಿಂದ. ಬೇಲಿ ತಂತಿ, ಮಾಮೂಲಿ ಕಬ್ಬಿಣದ ಪಟ್ಟಿಗಳಲ್ಲಿ ಇದು ಶೇ. 0.3ಕ್ಕಿಂತ ಕಡಿಮೆ. ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಅವು ಗಟ್ಟಿಯಾಗುವುದಿಲ್ಲ. ಜೀಪು, ಲಾರಿಯ ಪ್ಲೇಟಿನಲ್ಲಿ ಸುಮಾರು ಶೇ. 0.6. ಅರಕ್ಕಿಂತ ಕಡಿಮೆ, ಆದರೆ ಪೆಟ್ಟು ತಾಳುವ ಗುಣ ಹೆಚ್ಚು. ಆದ್ದರಿಂದಲೇ ಕಡಿಯುವ ಕತ್ತಿಗೆ ಪ್ಲೇಟು, ಕೊಯ್ಯುವ ಚೂರಿಗೆ ಅರ. ಅವರ ಲೆಕ್ಕವೂ ಅದೇ, ನಮ್ಮ ಆಚಾರಿಗಳ ಲೆಕ್ಕವೂ ಅದೇ.

ವರ್ಕ್‌ಶಾಪಿನ ಯಂತ್ರದ ಗರಗಸದ ಮುರಿದ ಅಲಗೂ ಬಳಕೆಗೆ ಬಂತು. ಮುರಿದ ಸಂಗೀನು, ಹಳೆಯ ಕತ್ತಿವರಸೆಯ ಖಡ್ಗಗಳೂ ಬಿಡಲಿಲ್ಲ. ಅಮೆರಿಕದ ಅಶ್ವದಳಕ್ಕೆಂದು 1913ರಲ್ಲಿ ಬಂದ ಉದ್ದ ಖಡ್ಗ ಈ ಯುದ್ಧದ ಕಾಲಕ್ಕೆ ಯಾರಿಗೂ ಬೇಡವಾಗಿತ್ತು. ಅದನ್ನು ತುಂಡರಿಸಿ ಕ್ಯಾಲಿಫೋರ್ನಿಯಾದಲ್ಲಿ ಚೂರಿಗಳನ್ನೇ ಮಾಡಿದರು.

ಹಿಡಿಗೆ ಅಲ್ಯೂಮಿನಿಯಂ. ಉಕ್ಕಿನ ಮೂರರಲ್ಲಿ ಒಂದರಷ್ಟೇ ತೂಕ. ಕೈಗರಗಸದಲ್ಲೇ ಕೊಯ್ಯಬಹುದು, ಅರದಲ್ಲಿ ಉಜ್ಜಬಹುದು, ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯಲೂಬಹುದು. ಅಲಗಿಗೆ ಮಾತ್ರ ನಿಷ್ಪ್ರಯೋಜಕ. ವಿಮಾನದ ಅಲ್ಯೂಮಿನಿಯಂ ಎಷ್ಟೇ ಗಟ್ಟಿ ಎಂದರೂ ಅದಕ್ಕೆ ಬಾಯಿ ನಿಲ್ಲುವುದಿಲ್ಲ.

ಪ್ಲೆಕ್ಸಿಗ್ಲಾಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಮಾರುಕಟ್ಟೆಗೆ ಬಂದದ್ದು 1933ರಲ್ಲಿ. ಯುದ್ಧವಿಮಾನಗಳ ಮೂತಿ, ಕಿಟಿಕಿ ಎಲ್ಲ ಅದರದ್ದೇ. ನೂರು ಡಿಗ್ರಿಗಿಂತ ಸ್ವಲ್ಪ ಮೇಲೆ ಕಾಯಿಸಿದರೆ ಮೆತ್ತಗಾಗುತ್ತದೆ, ಬೇಕಾದ ಆಕಾರಕ್ಕೆ ಒತ್ತಬಹುದು. ನೀರು ಹೀರುವುದಿಲ್ಲ, ಬೂಸಲು ಹಿಡಿಯುವುದಿಲ್ಲ. ಚೌಕದ ತುಂಡು ಕೊಯ್ದು, ನಡುವೆ ತೂತು ಕೊರೆದು, ಅಲಗಿನ ಬಾಲಕ್ಕೆ ಪೋಣಿಸುತ್ತ ಹೋಗುವುದು. ಮಧ್ಯೆ ಮಧ್ಯೆ ಅಲ್ಯೂಮಿನಿಯಂ, ಹಿತ್ತಾಳೆ, ಬಣ್ಣದ ಪ್ಲಾಸ್ಟಿಕ್ ಬಿಲ್ಲೆ. ತುದಿಯಲ್ಲಿ ನಟ್ ಹಾಕಿ ಬಿಗಿಯುವುದು, ಇಲ್ಲವೇ ಬಾಲದ ಕೊನೆಯನ್ನೇ ಬಡಿದು ಅಗಲ ಮಾಡುವುದು. ಆಮೇಲೆ ಎಲ್ಲವನ್ನೂ ಒಟ್ಟಿಗೆ ಅರದಲ್ಲಿ ಉಜ್ಜಿ ಕೈಗೆ ಹೊಂದುವಂತೆ ಗುಂಡಗೆ ತಂದು ಹೊಳಪು ಕೊಡುವುದು. ಪಿಸ್ತೂಲಿನ ಹಿಡಿಗೆ ಈ ಪಾರದರ್ಶಕ ತುಂಡು ಕೂರಿಸಿ ಅದರಡಿಗೆ ಹೆಂಡತಿಯದ್ದೋ ಮದುವೆಯಾಗಲಿರುವ ಹುಡುಗಿಯದ್ದೋ ಫೋಟೋ ಇಟ್ಟುಕೊಂಡವರೂ ಇದ್ದರು.

ಅಡ್ಡಪಟ್ಟಿಗೆ ಖಾಲಿ ತೋಟೆಯ ಹಿತ್ತಾಳೆ. ಅದರಲ್ಲಿ ತಾಮ್ರ ಶೇ. 70, ಸತು ಶೇ. 30. ಬಡಿದರೆ ಬಿರಿಯದೆ ಬಾಗುವ ಲೋಹ.

ಅರ ಚೂರಿಯಾಗುವುದು ಹೇಗೆ?

ನಿಜವಾದ ಕಸುಬು ಇರುವುದು ಇಲ್ಲಿ. ಅರ ತುಂಬಾ ಗಟ್ಟಿ, ಅಷ್ಟೇ ಪೆಡಸು. ಕಲ್ಲಿನ ಮೇಲೆ ಬಿದ್ದರೆ ಗಾಜಿನ ಹಾಗೆ ಎರಡಾಗುತ್ತದೆ. ಹಾಗೇ ಮಸೆದು ಚೂರಿ ಮಾಡಿದರೆ ಮೊದಲ ಸಲ ಪೆಟ್ಟಿಗೆ ಮೀಟುವಾಗಲೇ ತುಂಡಾದೀತು. ಆದ್ದರಿಂದ ಎರಡು ದಾರಿ.

ಕುಲುಮೆ ಇದ್ದವರ ದಾರಿ ಒಂದು. ಅರವನ್ನು ಕೆಂಪಗೆ ಕಾಯಿಸಿ, ಒಣ ಬೂದಿಯ ರಾಶಿಯಲ್ಲಿ ಹೂತು, ರಾತ್ರಿಯಿಡೀ ಬಿಡುವುದು. ನಿಧಾನ ತಣಿದ ಉಕ್ಕು ಮೆತ್ತಗಾಗುತ್ತದೆ. ಆಗ ಕೊಯ್ದು, ಉಜ್ಜಿ, ತೂತು ಕೊರೆದು ಆಕಾರ ಕೊಡುವುದು. ಬಳಿಕ ಪುನಃ ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಟ್ಟಿಯಾಗುತ್ತದೆ. ಎಷ್ಟು ಕೆಂಪು ಎಂದು ತಿಳಿಯಲಿಕ್ಕೆ ಅಯಸ್ಕಾಂತ ಸಾಕು. 770 ಡಿಗ್ರಿ ಹತ್ತಿರ ಬಂದಾಗ ಉಕ್ಕಿಗೆ ಅಯಸ್ಕಾಂತ ಹಿಡಿಯುವುದು ನಿಲ್ಲುತ್ತದೆ. ಅದಕ್ಕಿಂತ ಸ್ವಲ್ಪವೇ ಮೇಲೆ ಹೋದಾಗ ಅದ್ದಬೇಕು.

ಅದ್ದಿದ ಕೂಡಲೇ ಕೆಲಸ ಮುಗಿಯಲಿಲ್ಲ. ಆಗ ಅದು ಪುನಃ ಪೆಡಸು. ಒಂದು ಬದಿಯನ್ನು ಹೊಳೆಯುವ ಹಾಗೆ ಉಜ್ಜಿ, ಸಣ್ಣ ಬಿಸಿಯಲ್ಲಿ ಇನ್ನೊಮ್ಮೆ ಕಾಯಿಸಬೇಕು. ಹೊಳಪಿನ ಮೇಲೆ ಬಣ್ಣ ಓಡಿ ಬರುತ್ತದೆ. ಹದ ನೋಡುವುದು ಈ ಬಣ್ಣದಲ್ಲಿ:

– ಒಣ ಹುಲ್ಲಿನ ತಿಳಿ ಹಳದಿ, ಸುಮಾರು 220 ಡಿಗ್ರಿ: ಕೊಯ್ಯುವ ಚೂರಿಗೆ.

– ಕಂದು, ಸುಮಾರು 255 ಡಿಗ್ರಿ: ಕೊಯ್ಯುವುದಕ್ಕೂ ಸಣ್ಣ ಪೆಟ್ಟಿಗೂ.

– ನೇರಳೆ, ಸುಮಾರು 275 ಡಿಗ್ರಿ: ಕೊಡಲಿಯಂಥ ಹೊಡೆಯುವ ಹತಾರಕ್ಕೆ.

– ನೀಲಿ, ಸುಮಾರು 300 ಡಿಗ್ರಿ: ಸ್ಪ್ರಿಂಗಿಗೆ ಸರಿ, ಚೂರಿಯ ಬಾಯಿಗೆ ಮೆತ್ತಗಾಯಿತು.

ಬೇಕಾದ ಬಣ್ಣ ಬಂದ ತಕ್ಷಣ ನೀರಿಗೆ ಹಾಕಿ ನಿಲ್ಲಿಸುವುದು. ಹಳದಿಯಿಂದ ನೀಲಿಗೆ ಹೋಗಲಿಕ್ಕೆ ಹೆಚ್ಚು ಹೊತ್ತು ಬೇಡ. ಕಣ್ಣು ಆಚೀಚೆ ಹೋದರೆ ಮೊದಲಿನಿಂದ ಶುರು.

ಕುಲುಮೆ ಇಲ್ಲದವರದು ಎರಡನೇ ದಾರಿ. ಅರವನ್ನು ಹಳದಿ ಬಣ್ಣ ಬರುವಷ್ಟೇ ಕಾಯಿಸಿ ಪೆಡಸುತನ ಕಡಿಮೆ ಮಾಡಿ, ಉಳಿದದ್ದೆಲ್ಲ ಸಾಣೆಯಲ್ಲೇ ಉಜ್ಜುವುದು. ಮೊದಲಿನ ಗಟ್ಟಿತನ ಹೆಚ್ಚುಕಡಿಮೆ ಉಳಿಯುತ್ತದೆ. ಆದರೆ ಉಜ್ಜುವಾಗ ಬಿಸಿಯಾಗಬಾರದು. ಚಕ್ರಕ್ಕೆ ಒಂದೆರಡು ಸಲ ತಾಗಿಸುವುದು, ನೀರಿಗೆ ಅದ್ದುವುದು. ಪುನಃ ತಾಗಿಸುವುದು, ಪುನಃ ಅದ್ದುವುದು. ಬರಿಗೈಯಲ್ಲಿ ಹಿಡಿದೇ ಉಜ್ಜಬೇಕು. ಕೈ ಸುಟ್ಟರೆ ಉಕ್ಕು ಬಿಸಿಯಾಯಿತು ಎಂದು ಲೆಕ್ಕ. ಯಾವ ಮೀಟರೂ ಬೇಡ.

ಯಂತ್ರದ ಗರಗಸದ ಅಲಗುಗಳಲ್ಲಿ ಹಲವು ಹೈಸ್ಪೀಡ್ ಸ್ಟೀಲ್ ಎಂಬ ಜಾತಿಯವು. ಅವು 500 ಡಿಗ್ರಿ ಬಿಸಿಯನ್ನೂ ತಾಳುತ್ತವೆ. ಹಳ್ಳಿಯ ಕುಲುಮೆಯಲ್ಲಿ ಅವನ್ನು ಮೆತ್ತಗೆ ಮಾಡಿ, ಪುನಃ ಹದ ಹಾಕುವುದು ಆಗುವ ಕೆಲಸವಲ್ಲ. ಅಂಥದ್ದನ್ನು ಉಜ್ಜಿಯೇ ಆಕಾರಕ್ಕೆ ತರಬೇಕು.

ಹೀಗೆ ಒಂದು ಚೂರಿಗೆ ಎಷ್ಟೋ ಸಂಜೆಗಳು ಬೇಕಾದಾವು. ಕಾಯುವುದೇ ಯುದ್ಧದ ಹೆಚ್ಚಿನ ಪಾಲು ಎಂದು ಸೈನ್ಯಕ್ಕೆ ಹೋಗಿ ಬಂದವರು ಹೇಳುವುದುಂಟು. ಮುಂದಿನ ಹಡಗಿಗೆ, ಮುಂದಿನ ಆಜ್ಞೆಗೆ, ಮನೆಯ ಕಾಗದಕ್ಕೆ ಕಾಯುವುದು. ಆ ಹೊತ್ತಿನಲ್ಲಿ ಕೈಗೊಂದು ಕೆಲಸ ಇದ್ದರೆ ಮನಸ್ಸು ಕೆಡುವುದಿಲ್ಲ. ಉಪಯೋಗಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ನಯ, ಹೊಳಪು ಆ ಹಿಡಿಗಳಲ್ಲಿ ಕಾಣುವುದು ಬಹುಶಃ ಅದಕ್ಕೇ.

ಕಿತ್ತಳೆ ತೋಟದವರ ಕುಲುಮೆ

ಇದೇ ಕಾಲದ ಇನ್ನೊಂದು ಕಥೆ ಕೃಷಿಕರಿಗೆ ಹತ್ತಿರದ್ದು. ಫ್ಲಾರಿಡಾದ ಒರ್ಲಾಂಡೋದಲ್ಲಿ ಬೋ ರ್‍ಯಾಂಡಲ್ ಎಂಬವರಿದ್ದರು. ಅವರದು ಕಿತ್ತಳೆ ಜಾತಿಯ ಹಣ್ಣುಗಳ ತೋಟ. 1937ರ ಹೊತ್ತಿಗೆ ಒಂದು ಕೆರೆಯ ಬದಿಯಲ್ಲಿ ಯಾರೋ ದೋಣಿಯ ಹಳೇ ಪೈಂಟು ಕೆರೆಯುವುದನ್ನು ಕಂಡರು. ಕೆರೆಯುತ್ತಿದ್ದದ್ದು ಚೂರಿಯಲ್ಲಿ. ಅಷ್ಟು ಒರಟು ಕೆಲಸ ಮಾಡಿದರೂ ಬಾಯಿ ಕೆಟ್ಟಿರಲಿಲ್ಲ. ಅದು ಮಿಚಿಗನ್‌ನ ಸ್ಕೇಗಲ್ ಎಂಬ ಕಮ್ಮಾರ ಕೈಯಲ್ಲಿ ಮಾಡಿದ್ದು. ಅದನ್ನು ನೋಡಿದ ರ್‍ಯಾಂಡಲ್ ತಾವೂ ಒಂದು ಮಾಡಲು ಹೊರಟರು. ಮೊದಲ ಚೂರಿಗೆ ಬಳಸಿದ್ದು ಕಾರಿನ ಸ್ಪ್ರಿಂಗ್!

ಹವ್ಯಾಸಕ್ಕೆ ಶುರುವಾದದ್ದು. 1942ರಲ್ಲಿ ಯುದ್ಧಕ್ಕೆ ಹೊರಟ ಸೈನಿಕನೊಬ್ಬ ಬಂದು ತನಗೊಂದು ಬೇಕೆಂದ. ಅವನದ್ದನ್ನು ನೋಡಿ ಇನ್ನೊಬ್ಬ, ಮತ್ತೊಬ್ಬ. ಹಾಗೆ ಬೆಳೆದ ಆ ಕಸುಬು ಮುಂದೆ ಅಮೆರಿಕದ ಗಗನಯಾತ್ರಿಗಳಿಗೂ ಚೂರಿ ಮಾಡಿಕೊಟ್ಟಿತು. ತೋಟದವನ ಕೈಗೆ ಕಬ್ಬಿಣದ ಕೆಲಸ ಹೊರತಲ್ಲ ಎಂಬುದಕ್ಕೆ ಈ ಉದಾಹರಣೆ ಸಾಕು.

ಹೊಲದಲ್ಲಿ ಬಿದ್ದ ಗುಂಡು, ಅಡಿಗೆ ಚೂರಿ

ಗುಜರಿಯಿಂದ ಚೂರಿ ಮಾಡುವುದು ಆ ಯುದ್ಧದಲ್ಲೇ ಶುರುವಾದದ್ದೂ ಅಲ್ಲ, ಅಲ್ಲಿಗೇ ಮುಗಿಯಲೂ ಇಲ್ಲ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಸೈನಿಕರು ಮುಳ್ಳುತಂತಿ ಕಟ್ಟುವ ಉಕ್ಕಿನ ಗೂಟವನ್ನೇ ಬಡಿದು ಚೂಪು ಮಾಡಿ, ಹಿಂಭಾಗ ಬಗ್ಗಿಸಿ ಹಿಡಿ ಮಾಡಿಕೊಂಡಿದ್ದರು. ‘ಫ್ರೆಂಚ್ ಮೊಳೆ’ ಎಂದೇ ಅದಕ್ಕೆ ಹೆಸರು.

ಅದಕ್ಕಿಂತ ಸೋಜಿಗದ್ದು ತೈವಾನಿನವರ ಕೈಯಲ್ಲಿರುವ ಕಿನ್ಮೆನ್ ದ್ವೀಪದ ಸಂಗತಿ. ಚೀನಾದ ದಂಡೆಗೆ ಕೆಲವೇ ಕಿಲೋಮೀಟರ್ ದೂರ, ವಿಸ್ತೀರ್ಣ ಸುಮಾರು 150 ಚದರ ಕಿಲೋಮೀಟರ್. ಜೋಳ ಬೆಳೆಯುವ ಊರು. 1958ರ ಆಗಸ್ಟ್ 23ರಿಂದ 44 ದಿನ ಚೀನಾ ಕಡೆಯಿಂದ ಈ ಪುಟ್ಟ ದ್ವೀಪದ ಮೇಲೆ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಫಿರಂಗಿ ಗುಂಡು ಬಿತ್ತು. ಆಮೇಲೂ ನಿಲ್ಲಲಿಲ್ಲ. 1979ರ ಜನವರಿ 1ರ ತನಕ ದಿನ ಬಿಟ್ಟು ದಿನದ ಲೆಕ್ಕದಲ್ಲಿ ಪ್ರಚಾರದ ಕಾಗದ ತುಂಬಿದ ಗುಂಡುಗಳು ಬರುತ್ತಿದ್ದವು. ಅವು ಚೂರುಚೂರಾಗದೆ ದೊಡ್ಡ ತುಂಡಾಗಿಯೇ ಉಳಿಯುತ್ತಿದ್ದವು.

ಹೊಲದಲ್ಲಿ ಸಿಕ್ಕಿದ ಆ ಉಕ್ಕನ್ನು ಅಲ್ಲಿನ ಕಮ್ಮಾರರು ಕಾಯಿಸಿ ಬಡಿದು ಮನೆಗೆ ಬೇಕಾದ ಚೂರಿ, ಕತ್ತಿ ಮಾಡಿದರು. ವೂ ಮನೆತನದವರು ಇದರಲ್ಲಿ ಹೆಸರಾದವರು. ಅಡಿಗೆಮನೆಯ ಅಗಲ ಚೂರಿ ಅಲ್ಲಿನ ವಿಶೇಷ. ಒಂದು ಗುಂಡಿನಿಂದ 60ರಷ್ಟು ಚೂರಿ ಆಗುತ್ತದೆ ಎನ್ನುತ್ತಾರೆ. ಕೊಲ್ಲಲಿಕ್ಕೆ ಬಂದ ಉಕ್ಕು ತರಕಾರಿ ಹೆಚ್ಚಲಿಕ್ಕೆ ಕೂತಿತು!

ಒಂದು ಮಾತು ಇಲ್ಲೇ ಹೇಳಬೇಕು. ಎಲ್ಲಾದರೂ ಸಿಡಿಯದ ಗುಂಡೋ ತೋಟೆಯೋ ಕಂಡರೆ ಮುಟ್ಟಬೇಡಿ. ಎಷ್ಟು ಹಳೆಯದಾದರೂ ಸಿಡಿಯಬಹುದು. ಪೊಲೀಸರಿಗೆ ತಿಳಿಸುವುದೊಂದೇ ದಾರಿ.

ನಮ್ಮ ಕತ್ತಿಗೆ ಏನು ಪಾಠ?

ಇಷ್ಟೆಲ್ಲ ಓದಿದ ಮೇಲೆ ಆಚಾರಿಯವರ ಬಳಿ ಕೂತು ಕೇಳಿದೆ. ಅವರು ಬೇರೆ ಮಾತಿನಲ್ಲಿ ಹೇಳಿದ್ದೆಲ್ಲ ಇವೇ ಸಂಗತಿ. ನನ್ನ ಅನುಭವವನ್ನೂ ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

ಒಂದು, ಗ್ರೈಂಡರ್ ಕತ್ತಿಯ ಶತ್ರು. ದಪ್ಪ ಬೆನ್ನು ಉಜ್ಜಲಿಕ್ಕೆ ಅಡ್ಡಿಯಿಲ್ಲ, ಬಾಯಿಗೆ ತಾಗಿಸಬೇಡಿ. ತಾಗಿಸಲೇಬೇಕಾದರೆ ಪಕ್ಕದಲ್ಲೇ ಬಕೆಟ್ಟಿನಲ್ಲಿ ನೀರಿಡಿ, ಎರಡು ಸೆಕೆಂಡಿಗೊಮ್ಮೆ ಅದ್ದಿ. ನೀಲಿ ಬಂದರೆ ಅಷ್ಟು ಭಾಗದ ಹದ ಹೋಯಿತು ಎಂದೇ ಲೆಕ್ಕ. ನೀಲಿ ತೆಳುವಾಗಿ ತುದಿಯಲ್ಲಷ್ಟೇ ಇದ್ದರೆ ಕಲ್ಲಿನಲ್ಲಿ ಮಸೆದು ಅಷ್ಟನ್ನು ತೆಗೆಯಬಹುದು. ಒಳಗೆ ಹೋಗಿದ್ದರೆ ಆಚಾರಿಯವರಲ್ಲಿಗೆ ಒಯ್ಯಿರಿ.

ಎರಡು, ಹದ ಹೋದ ಕತ್ತಿಯನ್ನು ಗುಜರಿಗೆ ಹಾಕಬೇಡಿ. ಉಕ್ಕು ಒಳ್ಳೆಯದಿದ್ದರೆ ಪುನಃ ಹದ ಹಾಕಬಹುದು.

ಮೂರು, ಹೊಸ ಕತ್ತಿ ಮಾಡಿಸುವಾಗ ಕಬ್ಬಿಣ ಯಾವುದೆಂದು ಕೇಳಿ. ಸಂಶಯ ಬಂದರೆ ಗ್ರೈಂಡರಿಗೆ ಮೂಲೆಯೊಂದನ್ನು ತಾಗಿಸಿ ಕಿಡಿ ನೋಡಬಹುದು. ಮಾಮೂಲಿ ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹೋಗುತ್ತದೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ನಕ್ಷತ್ರಕಡ್ಡಿಯ ಹಾಗೆ ಪೊದೆಪೊದೆಯಾಗಿ ಒಡೆಯುತ್ತದೆ. ಅರದ ತುಂಡು, ಬೇಲಿಯ ಕಬ್ಬಿಣದ ತುಂಡು ಎರಡನ್ನೂ ಒಮ್ಮೆ ತಾಗಿಸಿ ನೋಡಿದರೆ ವ್ಯತ್ಯಾಸ ಮತ್ತೆ ಮರೆಯುವುದಿಲ್ಲ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ.

ನಾಲ್ಕು, ಕತ್ತಿಯನ್ನು ಚರ್ಮದ ಒರೆಯಲ್ಲಿ ಹಾಕಿ ಮಳೆಗಾಲ ಇಡಬೇಡಿ. ಚರ್ಮ ನೀರು ಹಿಡಿದಿಡುತ್ತದೆ. ಸೈನಿಕರ ಚೂರಿಗಳಲ್ಲಿ ಹೆಚ್ಚಿನವು ಕೆಟ್ಟದ್ದು ಕೆಲಸ ಮಾಡಿ ಅಲ್ಲ, ಒರೆಯೊಳಗೆ ಕೂತು. ಹಿತ್ತಾಳೆಗೆ ಹಸಿರು ಕಿಲುಬು, ಅಲಗಿಗೆ ತುಕ್ಕು. ಒರಸಿ, ತೆಳುವಾಗಿ ಎಣ್ಣೆ ಸವರಿ, ಗಾಳಿಯಾಡುವಲ್ಲಿ ತೂಗಿಡಿ.

ಐದು, ಉಕ್ಕಿನ ಅಲಗಿಗೆ ಅಲ್ಯೂಮಿನಿಯಂ ಹಿಡಿ ನೋಡಲಿಕ್ಕೆ ಹಗುರ. ಆದರೆ ಉಪ್ಪುಗಾಳಿಯಲ್ಲಿ ಈ ಎರಡು ಲೋಹ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ತಿಂದುಹೋಗುತ್ತದೆ. ಕಡಲಬದಿಯವರು ಮರದ ಹಿಡಿ ಬಿಡದಿರುವುದೇ ಒಳ್ಳೆಯದು.

ಕಥೆ ಇಲ್ಲದ ಚೂರಿ

ಎರಡನೇ ಮಹಾಯುದ್ಧ ಮುಗಿದದ್ದು 1945ರಲ್ಲಿ. ಆಗ ಹದಿನೆಂಟು ವರ್ಷದ ಹುಡುಗನಾಗಿದ್ದವನೂ ಬದುಕಿದ್ದರೆ ಈಗ ನೂರರ ಆಸುಪಾಸು. ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಪೆಟ್ಟಿಗೆ ತೆರೆದ ಮೊಮ್ಮಕ್ಕಳಿಗೆ ಚೂರಿ ಸಿಗುತ್ತದೆ. ಅಜ್ಜ ಅದನ್ನು ಎಲ್ಲಿ ಮಾಡಿದರು, ಯಾವ ವಿಮಾನದ ತುಂಡು, ಯಾರು ಕಲಿಸಿಕೊಟ್ಟರು ಎಂದು ಹೇಳುವವರಿಲ್ಲ. ಇವುಗಳ ಮೇಲೆ ಕಾರ್ಖಾನೆಯ ಮೊಹರು ಇರುವುದಿಲ್ಲ. ಕೆಲವರು ತಮ್ಮ ಹೆಸರು, ದ್ವೀಪದ ಹೆಸರು, ವರ್ಷ ಕೆತ್ತಿಟ್ಟಿದ್ದಾರೆ. ಹೆಚ್ಚಿನವರು ಅದನ್ನೂ ಮಾಡಲಿಲ್ಲ. ತಮ್ಮ ಕೈಯ ಚೂರಿಗೆ ತಮ್ಮ ಹೆಸರು ಯಾಕೆ ಎಂದು ಅವರಿಗೆ ಅನಿಸಿರಬೇಕು.

ಹೆಸರಿಲ್ಲದ್ದು ಸಂಗ್ರಹಕಾರರ ಸಂತೆಗೆ ಹೋಗುತ್ತದೆ, ಇಲ್ಲವೇ ಗುಜರಿಗೆ. ಹಳೆಯದರ ಹಾಗೆ ಕಾಣುವ ಹೊಸ ಚೂರಿ ಮಾಡಿ ಮಾರುವವರೂ ಇದ್ದಾರೆ. ಬರೆದಿಟ್ಟ ನಾಲ್ಕು ಸಾಲು, ಒಂದು ಫೋಟೋ ಜೊತೆಗಿದ್ದರೆ ನಿಜ ಯಾವುದು ಎಂದು ತಿಳಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಆ ಮನುಷ್ಯನ ಕಸುಬು ಮನೆಯಲ್ಲಿ ಉಳಿಯುತ್ತಿತ್ತು.

ನಾನೂ ಅದನ್ನೇ ಮಾಡಿದ್ದು. ತಂದೆಯ ಕತ್ತಿ ಯಾವ ಜೀಪಿನ ಪ್ಲೇಟು, ಯಾವ ಆಚಾರಿ ಬಡಿದದ್ದು ಎಂದು ಅವರಿರುವಾಗ ಕೇಳಲಿಲ್ಲ. ಹದ ಯಾಕೆ ಹೋಗುತ್ತದೆ ಎಂದು ತಿಳಿದುಕೊಳ್ಳಲಿಲ್ಲ. ಕೊನೆಗೆ ಕತ್ತಿಯೂ ಇಲ್ಲ.

ಈಗ ನಮ್ಮಲ್ಲಿ ಇನ್ನೊಂದು ಕತ್ತಿ ಉಂಟು. ಅದೇ ಆಚಾರಿಯವರದ್ದು, ಲಾರಿಯ ಪ್ಲೇಟು. ಹದ ಹಾಕುವ ದಿನ ಬದಿಯಲ್ಲಿ ಕೂತು ಬಣ್ಣ ಓಡುವುದನ್ನು ನೋಡಿದೆ. ಹುಲ್ಲಿನ ಬಣ್ಣ ಕಳೆದು ಕಂದು ಬಂತು, ನೇರಳೆ ಅಂಚಿನಲ್ಲಿ ಇಣುಕುವಾಗ ಅವರು ನೀರಿಗೆ ಹಾಕಿದರು. ಎಲ್ಲ ಸೇರಿ ಅರ್ಧ ನಿಮಿಷ ಇರಬಹುದು. ಅವರ ಮಗ ಪೇಟೆಯಲ್ಲಿ ಕೆಲಸದಲ್ಲಿದ್ದಾನೆ, ಕುಲುಮೆ ಮುಂದುವರಿಸುವುದಿಲ್ಲ. “ನನ್ನ ಕಣ್ಣು ಇರುವಷ್ಟು ದಿನ” ಎಂದರು.

ಮನೆಗೆ ಬಂದು ಕತ್ತಿಯ ಹಿಡಿಯಲ್ಲಿ ಮೊಳೆಯಿಂದ ಇಸವಿ ಗೀಚಿದೆ. ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಯಾವ ಪ್ಲೇಟು, ಯಾರ ಕೈ, ಯಾವ ಬಣ್ಣಕ್ಕೆ ಅದ್ದಿದ್ದು ಎಂದು ಬರೆದಿಟ್ಟೆ. ನಿಮ್ಮ ಅಟ್ಟದಲ್ಲೂ ಹೆಸರಿಲ್ಲದ ಹಳೆಯ ಹತಾರ ಇರಬಹುದು. ಗುಜರಿಯವನು ಬರುವ ಮೊದಲು ಮನೆಯ ಹಿರಿಯರಲ್ಲಿ ಒಮ್ಮೆ ಕೇಳಿ. ನಿಮ್ಮೂರ ಕುಲುಮೆಯಲ್ಲಿ ಬೆಂಕಿ ಇರುವಾಗಲೇ ಒಂದು ಗಂಟೆ ಹೋಗಿ ಕೂತುಕೊಳ್ಳಿ. ತಿಳಿದದ್ದನ್ನು ಪತ್ರಿಕೆಗೂ ನಾಲ್ಕು ಸಾಲು ಬರೆಯಿರಿ.